ಮನೆಯಲ್ಲೇ ಚೀಲ, ಪೌಚು ಮತ್ತು ಪುಟ್ಟ ಕ್ವಿಲ್ಟುಗಳನ್ನು ಹೊಲಿಯುವ ಕ್ರಮ

ಉಡುಪು ಹೊಲಿಯುವವರಿಗೆ ನಡುವೆ ಒಮ್ಮೆ ಹಾಕಿ ನೋಡಿ ಸರಿಪಡಿಸಿಕೊಳ್ಳುವ ಅವಕಾಶವಿರುತ್ತದೆ. ಚೀಲ ಹೊಲಿಯುವವರಿಗೆ ಆ ಅನುಕೂಲ ಅಷ್ಟಾಗಿ ಇಲ್ಲ. ಬದಿಗಳೆಲ್ಲ ಕೂಡಿ, ಲೈನಿಂಗ್ ಒಳಗೆ ಸೇರಿ, ಚೀಲ ತನ್ನ ಆಕಾರಕ್ಕೆ ಬಂದ ಮೇಲೆ ಒಳಜೇಬು ಹಚ್ಚುವುದು ಮರೆತದ್ದು ನೆನಪಾದರೆ, ಮಾಡಿದ ಕೆಲಸದಲ್ಲಿ ಅರ್ಧವನ್ನು ಬಿಚ್ಚದೆ ಬೇರೆ ದಾರಿಯಿರುವುದಿಲ್ಲ. ಆದ್ದರಿಂದ ಚೀಲದ ಹೊಲಿಗೆಯಲ್ಲಿ ಕೈಚಳಕಕ್ಕಿಂತ ಕ್ರಮ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಟ್ಟೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿಕೊಂಡಿರುವಾಗ ಮಾಡಬಹುದಾದ ಕೆಲಸವನ್ನೆಲ್ಲ ಆಗಲೇ ಮುಗಿಸಬೇಕು. ಬದಿಗಳನ್ನು ಕೂಡಿಸುವುದನ್ನು ಸಾಧ್ಯವಾದಷ್ಟು ಕೊನೆಗೆ ಇಟ್ಟುಕೊಳ್ಳಬೇಕು. ಮುಂದೆ ಹೇಳುವ ಪೌಚು, ಕ್ವಿಲ್ಟ್ ಮಾಡಿದ (ಎಂದರೆ ಕೌದಿಯಂತೆ ಪದರಗಳನ್ನು ಕೂಡಿಸಿ ಹೊಲಿದ) ಮ್ಯಾಟು, ಕೈಚೀಲ ಮೂರೂ ಈ ಒಂದು ನಿಯಮದ ಮೇಲೆಯೇ ನಿಂತಿವೆ.

ಬಟ್ಟೆಯ ಆಯ್ಕೆ ಮತ್ತು ಸಿದ್ಧತೆ

ಕಲಿಯುವವರಿಗೆ ನಡುಮಟ್ಟದ ದಪ್ಪದ, ಒತ್ತಾದ ನೇಯ್ಗೆಯ ಹತ್ತಿ ಬಟ್ಟೆಯೇ ಎಲ್ಲಕ್ಕಿಂತ ಒಳ್ಳೆಯದು. ಅದು ಜಾರುವುದಿಲ್ಲ, ಇಸ್ತ್ರಿಗೆ ಚೆನ್ನಾಗಿ ಮಣಿಯುತ್ತದೆ, ಬೆರಳಿನಿಂದ ತೀಡಿದರೂ ಮಡಿಕೆ ಕೂರುತ್ತದೆ. ಭಾರ ಹೊರುವ ಚೀಲಕ್ಕೆ ಕ್ಯಾನ್ವಾಸ್ ಅಥವಾ ಡೆನಿಮ್ ಸೂಕ್ತ. ಆದರೆ ಅಂಥ ದಪ್ಪ ಬಟ್ಟೆ ಮೂಲೆಗಳಲ್ಲಿ ಆರೆಂಟು ಪದರವಾದಾಗ ಮನೆಯ ಸಾಧಾರಣ ಯಂತ್ರ ತಿಣುಕುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊರಗಡೆ ದಪ್ಪ ಬಟ್ಟೆ ಬಳಸಿದಾಗ ಲೈನಿಂಗ್‌ಗೆ ತೆಳು ಹತ್ತಿಯನ್ನೇ ಇಡುವುದು ಜಾಣತನ. ಲೈನಿಂಗ್ ತಿಳಿ ಬಣ್ಣದ್ದಾಗಿರಲಿ. ಕಪ್ಪು ಲೈನಿಂಗ್ ಕೊಳೆಯನ್ನು ಮರೆಮಾಚುತ್ತದೆ ನಿಜ, ಆದರೆ ಚೀಲದ ತಳದಲ್ಲಿರುವ ಬೀಗದ ಕೈಯನ್ನೂ ಮರೆಮಾಚುತ್ತದೆ.

ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊರಬಟ್ಟೆ ಒಂದು ಪ್ರಮಾಣದಲ್ಲಿ, ಲೈನಿಂಗ್ ಇನ್ನೊಂದು ಪ್ರಮಾಣದಲ್ಲಿ ಕುಗ್ಗಿದರೆ ಸಿದ್ಧವಾದ ಚೀಲ ಸುಕ್ಕುಗಟ್ಟಿ ಸೊಟ್ಟಗಾಗುತ್ತದೆ. ಹಾಗಾಗಿ ಕತ್ತರಿಸುವ ಮುಂಚೆಯೇ ಎರಡನ್ನೂ ನೀರಿನಲ್ಲಿ ನೆನೆಸಿ, ಒಣಗಿಸಿ, ತುಸು ತೇವ ಉಳಿದಿರುವಾಗಲೇ ಇಸ್ತ್ರಿ ಮಾಡಬೇಕು. ಗಾಢ ಕೆಂಪು ಮತ್ತು ಕಡುನೀಲಿ ಬಟ್ಟೆಗಳನ್ನು ಬೇರೆಯಾಗಿಯೇ ನೆನೆಸಿ, ನೀರಿಗೆ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಬೇಕು.

ಇನ್ನು ಎಳೆಯ ವಿಚಾರ. ನೇಯ್ದ ಬಟ್ಟೆಯಲ್ಲಿ ಉದ್ದಕ್ಕೆ ಓಡುವ ಹಾಸಿನ ಎಳೆ ಅತಿ ಕಡಿಮೆ ಹಿಗ್ಗುತ್ತದೆ, ಅಡ್ಡಲಾಗಿರುವ ಹೊಕ್ಕಿನ ಎಳೆ ತುಸು ಹಿಗ್ಗುತ್ತದೆ, 45 ಡಿಗ್ರಿ ಓರೆಯಲ್ಲಿ ಬಟ್ಟೆ ಎಲ್ಲಕ್ಕಿಂತ ಹೆಚ್ಚು ಹಿಗ್ಗುತ್ತದೆ. ಬಟ್ಟೆಯ ನೇಯ್ದ ಅಂಚಿಗೆ ಸಮಾನಾಂತರವಾಗಿರುವುದೇ ಹಾಸು. ಚೀಲದ ಹಿಡಿಕೆಗಳನ್ನು ಯಾವಾಗಲೂ ಹಾಸಿನ ಉದ್ದಕ್ಕೇ ಕತ್ತರಿಸಬೇಕು. ಇಲ್ಲವಾದರೆ ಭಾರಕ್ಕೆ ಅವು ಜಗ್ಗಿ ಉದ್ದವಾಗುತ್ತವೆ. ದುಂಡನೆಯ ಅಂಚಿಗೆ ಸುತ್ತುವ ಪಟ್ಟಿಯನ್ನು ಓರೆಯಾಗಿ ಕತ್ತರಿಸಬೇಕು, ಏಕೆಂದರೆ ಅಲ್ಲಿ ಹಿಗ್ಗುವ ಗುಣವೇ ನಮಗೆ ಬೇಕಾದದ್ದು. ನೇಯ್ದ ಅಂಚು ಉಳಿದ ಬಟ್ಟೆಗಿಂತ ಬಿಗಿಯಾಗಿರುವುದರಿಂದ ಅದನ್ನು ಯಾವ ತುಂಡಿನಲ್ಲೂ ಸೇರಿಸದೆ ಕತ್ತರಿಸಿ ತೆಗೆಯಬೇಕು.

ಕತ್ತರಿಸಲು ಹರಿತವಾದ ಒಂದು ಕತ್ತರಿ ಸಾಕು. ಅದನ್ನು ಕಾಗದಕ್ಕೆ ಬಳಸಬಾರದು. ಚೌಕಗಳನ್ನು ಹೆಚ್ಚಾಗಿ ಕತ್ತರಿಸುವವರು ರೋಟರಿ ಕಟರ್, ಅದಕ್ಕೆಂದೇ ಮಾಡಿದ ಮ್ಯಾಟು ಮತ್ತು ಪಾರದರ್ಶಕ ಅಳತೆಪಟ್ಟಿಯನ್ನು ಇಟ್ಟುಕೊಳ್ಳುವುದು ಲೇಸು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದ ಈ ಚಕ್ರದಲಗಿನ ಕಟರ್ ಕ್ವಿಲ್ಟ್ ಹೊಲಿಯುವವರ ಕೆಲಸವನ್ನು ಬಹಳ ಹಗುರ ಮಾಡಿತು, ಏಕೆಂದರೆ ಬಟ್ಟೆಯನ್ನು ಮೇಜಿನಿಂದ ಎತ್ತದೆಯೇ ನಾಲ್ಕಾರು ಪದರಗಳನ್ನು ಒಟ್ಟಿಗೆ ನೇರವಾಗಿ ಕತ್ತರಿಸಬಹುದು. ಅಲಗು ಬಹಳ ಹರಿತ. ಪ್ರತಿ ಸಲ ಕತ್ತರಿಸಿದ ಕೂಡಲೇ ಅದರ ಮುಚ್ಚಳ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಕತ್ತರಿಸುವ ಮ್ಯಾಟಿನ ಮೇಲೆ ಇಸ್ತ್ರಿ ಮಾಡಬಾರದು, ಅದು ಬಿಸಿಗೆ ಸೊಟ್ಟಗಾಗುತ್ತದೆ.

ಸೂಜಿ, ದಾರ, ಯಂತ್ರ

ಯಂತ್ರದ ಸೂಜಿಯ ಪ್ಯಾಕೆಟ್ಟಿನ ಮೇಲೆ 80/12, 90/14, 100/16 ಎಂದು ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ: 90 ಎಂದರೆ 0.9 ಮಿಲಿಮೀಟರ್. ಹತ್ತಿ ಬಟ್ಟೆಯ ಜೋಡಣೆಗೆ 80/12, ಒಳಪದರಗಳಿರುವ ಚೀಲ ಮತ್ತು ಕ್ವಿಲ್ಟಿಂಗ್‌ಗೆ 90/14, ಡೆನಿಮ್ ಮತ್ತು ಕ್ಯಾನ್ವಾಸ್‌ಗೆ 100/16 ಹೊಂದುತ್ತದೆ. ಸೂಜಿಯನ್ನು ಮುರಿಯುವ ತನಕ ಬಳಸುವುದು ಸರಿಯಲ್ಲ. ಹೊಲಿಯುವಾಗ ಟಪ್ ಟಪ್ ಎಂದು ಬಟ್ಟೆಯನ್ನು ಕುಟ್ಟುವ ಸದ್ದು ಬಂದರೆ, ಅಥವಾ ನಡುವೆ ಹೊಲಿಗೆ ತಪ್ಪಿ ಹೋಗುತ್ತಿದ್ದರೆ, ಮೊದಲು ಬದಲಿಸಬೇಕಾದದ್ದು ಸೂಜಿಯನ್ನೇ.

ದಾರಕ್ಕೆ ಚೀಲದ ಮಟ್ಟಿಗೆ ಪಾಲಿಯೆಸ್ಟರ್ ಉತ್ತಮ, ಎಳೆತವನ್ನು ತಾಳುತ್ತದೆ. ಮೇಲಿನ ದಾರವನ್ನು ಪೋಣಿಸುವಾಗ ಪ್ರೆಸರ್ ಫುಟ್, ಎಂದರೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ, ಎತ್ತಿರಬೇಕು. ಅದು ಎತ್ತಿರುವಾಗ ಮಾತ್ರ ದಾರದ ಬಿಗಿಯನ್ನು ಹಿಡಿದಿಡುವ ಟೆನ್ಷನ್ ಬಿಲ್ಲೆಗಳು ತೆರೆದುಕೊಂಡು ದಾರವನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಬಟ್ಟೆಯ ಅಡಿಯಲ್ಲಿ ದಾರ ಗೂಡುಗಟ್ಟಿಕೊಂಡಾಗ ಬಹಳ ಮಂದಿ ಕೆಳದಾರ ಸುತ್ತಿರುವ ಬಾಬಿನ್‌ನಲ್ಲಿ ದೋಷ ಹುಡುಕುತ್ತಾರೆ. ಆದರೆ ಅದರ ಕಾರಣ ಸಾಮಾನ್ಯವಾಗಿ ಮೇಲಿನ ದಾರ ಬಿಲ್ಲೆಗಳ ನಡುವೆ ಕೂರದಿರುವುದೇ ಆಗಿರುತ್ತದೆ. ಜೋಡಣೆಗೆ ಹೊಲಿಗೆಯ ಉದ್ದ 2.5 ಮಿಲಿಮೀಟರ್, ಮೇಲ್ಹೊಲಿಗೆ ಮತ್ತು ಕ್ವಿಲ್ಟಿಂಗ್‌ಗೆ 3ರಿಂದ 3.5 ಮಿಲಿಮೀಟರ್ ಇಟ್ಟುಕೊಂಡರೆ ನೋಟಕ್ಕೂ ಗಟ್ಟಿತನಕ್ಕೂ ಸರಿಹೋಗುತ್ತದೆ.

ಯಂತ್ರವಿಲ್ಲದವರು ನಿರಾಶರಾಗಬೇಕಿಲ್ಲ. ಪುಟ್ಟ ಪೌಚನ್ನೂ ಮ್ಯಾಟನ್ನೂ ಕೈಯಿಂದಲೇ ಪೂರ್ತಿಯಾಗಿ ಹೊಲಿಯಬಹುದು. ಒತ್ತಡ ಬೀಳುವ ಬದಿಗಳಿಗೆ ಮಾತ್ರ ಸಾದಾ ಓಟದ ಹೊಲಿಗೆಯನ್ನು ನೆಚ್ಚದೆ, ಪ್ರತಿ ಸಲ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಚುಚ್ಚುವ ಹಿಮ್ಮುಖ ಹೊಲಿಗೆಯನ್ನು ಹಾಕಬೇಕು.

ಚೀಲಕ್ಕೆ ಮೈಕಟ್ಟು ಕೊಡುವ ಒಳಪದರ

ಅಂಗಡಿಯ ಚೀಲ ನಿಂತುಕೊಳ್ಳುತ್ತದೆ, ಮನೆಯಲ್ಲಿ ಹೊಲಿದದ್ದು ಕುಸಿದು ಬೀಳುತ್ತದೆ ಎಂಬ ದೂರನ್ನು ಮತ್ತೆ ಮತ್ತೆ ಕೇಳುತ್ತೇವೆ. ವ್ಯತ್ಯಾಸವಿರುವುದು ಒಳಪದರದಲ್ಲಿ. ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಬಕ್ರಮ್ ಅಥವಾ ಪೇಸ್ಟಿಂಗ್ ಬಟ್ಟೆಗೆ ಬಿರುಸು ಕೊಡುತ್ತದೆ; ಹತ್ತಿ ಅಥವಾ ಪಾಲಿಯೆಸ್ಟರಿನ ಬ್ಯಾಟಿಂಗ್ ಹಾಳೆ ಮೆತ್ತನೆಯ ದಪ್ಪವನ್ನು ಕೊಡುತ್ತದೆ; ತೆಳು ಫೋಮ್ ಎರಡನ್ನೂ ಒಂದಿಷ್ಟು ಕೊಡುತ್ತದೆ. ಸಣ್ಣ ಪೌಚಿಗೆ ನೇಯ್ದ ಬಟ್ಟೆಯ ಪೇಸ್ಟಿಂಗ್ ಸಾಕಾಗುತ್ತದೆ. ಕಾಗದದಂತಿರುವ ಬಿರುಸು ಬಕ್ರಮ್ ಪೌಚನ್ನು ಒಳಹೊರಗು ಮಾಡುವಾಗ ಮಡಿಕೆಯ ಗೆರೆಗಳನ್ನು ಉಳಿಸಿಬಿಡುವುದರಿಂದ ಅದನ್ನು ದೊಡ್ಡ ಚೀಲದ ತಳಕ್ಕೆ ಮೀಸಲಿಡುವುದು ಒಳ್ಳೆಯದು.

ಅಂಟಿಸುವ ರೀತಿಯಲ್ಲಿ ತಾಳ್ಮೆ ಬೇಕು. ಅಂಟಿರುವ ಬದಿಯನ್ನು ಬೆರಳಿನಿಂದ ಮುಟ್ಟಿದರೆ ತರಿತರಿಯಾಗಿ ತಿಳಿಯುತ್ತದೆ. ಆ ಬದಿಯನ್ನು ಬಟ್ಟೆಯ ಉಲ್ಟಾ ಬದಿಗೆ ತಾಗಿಸಿ ಇಡಬೇಕು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆ ತೀಡುವಂತೆ ಎಳೆದಾಡದೆ, ಒಂದು ಕಡೆ ಹತ್ತರಿಂದ ಹದಿನೈದು ಸೆಕೆಂಡು ಒತ್ತಿ, ಎತ್ತಿ, ಪಕ್ಕದ ಜಾಗದಲ್ಲಿ ಮತ್ತೆ ಒತ್ತಬೇಕು. ಎಳೆದರೆ ಪದರ ಜರುಗಿ ಸುಕ್ಕಾಗುತ್ತದೆ. ಒತ್ತಿ ಮುಗಿದ ಮೇಲೆ ಪೂರ್ತಿ ಆರುವ ತನಕ ಎತ್ತಬಾರದು, ಏಕೆಂದರೆ ಅಂಟು ಹಿಡಿಯುವುದು ಆರುವಾಗಲೇ. ಬಿಸಿಯಿರುವಾಗಲೇ ಮಡಿಸಿದ ತುಂಡುಗಳಲ್ಲಿ ಮುಂದೆ ಗುಳ್ಳೆಗಳು ಏಳುತ್ತವೆ. ಒಳಪದರವನ್ನು ಸುತ್ತಲೂ ಹೊಲಿಗೆಯ ಮಾರ್ಜಿನ್‌ನಷ್ಟು (ಹೊಲಿಗೆಗೂ ಬಟ್ಟೆಯ ಅಂಚಿಗೂ ನಡುವೆ ಬಿಡುವ ಜಾಗದಷ್ಟು) ಚಿಕ್ಕದಾಗಿ ಕತ್ತರಿಸಿದರೆ ಅದು ಜೋಡಣೆಯೊಳಗೆ ಸಿಕ್ಕಿಕೊಳ್ಳುವುದಿಲ್ಲ, ಮೂಲೆಗಳು ದಪ್ಪವಾಗುವುದಿಲ್ಲ.

ಜಿಪ್ ಇರುವ ಪೌಚು

ಈ ಒಂದು ಪೌಚನ್ನು ಚೆನ್ನಾಗಿ ಹೊಲಿಯಲು ಕಲಿತವರಿಗೆ ಮುಂದಿನ ಬಹುತೇಕ ಚೀಲಗಳು ಸುಲಭವಾಗುತ್ತವೆ, ಹಾಗಾಗಿ ಇದನ್ನು ವಿವರವಾಗಿಯೇ ಹೇಳುತ್ತೇನೆ. ಹೊರಬಟ್ಟೆಯಲ್ಲಿ 9 ಇಂಚು ಅಗಲ, ಆರೂವರೆ ಇಂಚು ಎತ್ತರದ ಎರಡು ತುಂಡುಗಳು. ಲೈನಿಂಗ್‌ನಲ್ಲಿ ಅದೇ ಅಳತೆಯ ಎರಡು. ಹೊರಬಟ್ಟೆಗೆ ಅಂಟಿಸಲು ಪೇಸ್ಟಿಂಗ್. ಒಂದು ನೈಲಾನ್ ಜಿಪ್. ಜಿಪ್‌ನ ತುದಿಗಳಿಗೆ ಹಾಕಲು ಒಂದೂಕಾಲು ಇಂಚು ಅಗಲ, ಎರಡೂವರೆ ಇಂಚು ಉದ್ದದ ಎರಡು ಬಟ್ಟೆಯ ಚೂರುಗಳು. ನೈಲಾನ್ ಜಿಪ್‌ನ್ನು ಬೇಕಾದಷ್ಟು ಉದ್ದಕ್ಕೆ ಕತ್ತರಿಸಬಹುದು, ಅದರ ಹಲ್ಲುಗಳ ಮೇಲೆ ಸೂಜಿ ಹಾಯಬಹುದು. ಲೋಹದ ಜಿಪ್‌ನಲ್ಲಿ ಹಾಗೆ ಮಾಡಿದರೆ ಸೂಜಿ ಮುರಿಯುತ್ತದೆ. ಕಲಿಯುವಾಗ ಲೋಹದ ಜಿಪ್ ಬೇಡವೇ ಬೇಡ.

ಜಿಪ್‌ನ ತುದಿಗಳಿಗೆ ಬಟ್ಟೆಯ ಚೂರು ಏಕೆ? ಪೌಚಿನ ಮೇಲಿನ ಎರಡು ಮೂಲೆಗಳನ್ನು ಒಮ್ಮೆ ಗಮನಿಸಬೇಕು. ಅಲ್ಲಿ ಹೊರಬಟ್ಟೆಯ ಎರಡು ಪದರ, ಲೈನಿಂಗ್‌ನ ಎರಡು ಪದರ, ಅವುಗಳ ಮಡಿಕೆಗಳು, ಇವುಗಳ ಮಧ್ಯೆ ಜಿಪ್‌ನ ಗಡುಸಾದ ಹಲ್ಲುಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಅಲ್ಲಿ ಸೂಜಿ ಮೇಲೇರಲಾರದೆ ಹೊಲಿಗೆ ಓರೆಯಾಗುತ್ತದೆ, ಪೌಚನ್ನು ತಿರುಗಿಸಿದ ಮೇಲೆ ಮೂಲೆ ಚೌಕವಾಗಿ ನಿಲ್ಲದೆ ಒಳಕ್ಕೆ ಗುಳಿ ಬೀಳುತ್ತದೆ. ಜಿಪ್ ಬದಿಯ ಹೊಲಿಗೆಯ ತನಕ ಬರದಂತೆ ನೋಡಿಕೊಂಡರೆ ಈ ತೊಂದರೆಯ ಬಹುಪಾಲು ಇಲ್ಲವಾಗುತ್ತದೆ. ಅದಕ್ಕಾಗಿ ಜಿಪ್‌ನ್ನು ಏಳೂವರೆ ಇಂಚಿಗೆ ಕತ್ತರಿಸಬೇಕು. ಕತ್ತರಿಸುವ ಮುಂಚೆ ರನ್ನರ್, ಎಂದರೆ ಜಿಪ್ ತೆರೆದು ಮುಚ್ಚುವ ಗುಂಡು, ನಡುಭಾಗದಲ್ಲಿದೆ ಎಂದು ಖಚಿತಪಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಕತ್ತರಿಸಿದ ತುದಿಯಿಂದ ಕಳಚಿ ಕೈಗೆ ಬರುತ್ತದೆ. ಪ್ರತಿ ಚೂರನ್ನು ಅದರ ಉದ್ದ ಅರ್ಧವಾಗುವಂತೆ ಮಡಿಸಿ, ಮಡಿಕೆಯ ಅಂಚು ಜಿಪ್‌ನ ತುದಿಯ ಮೇಲೆ ಕಾಲು ಇಂಚು ಬರುವಂತೆ ಇಟ್ಟು, ಮಡಿಕೆಯ ಪಕ್ಕದಲ್ಲೇ ಅಡ್ಡಲಾಗಿ ಹೊಲಿಯಬೇಕು. ಎರಡೂ ತುದಿಗೆ ಹಾಗೆ ಮಾಡಿದ ಮೇಲೆ ಒಟ್ಟು ಉದ್ದ ಒಂಬತ್ತೂವರೆ ಇಂಚು ಬರುತ್ತದೆ. ಎರಡೂ ಕಡೆ ಸಮನಾಗಿ ಕತ್ತರಿಸಿ 9 ಇಂಚಿಗೆ ತಂದು, ಚೂರಿನ ಅಗಲವನ್ನು ಜಿಪ್‌ನ ಅಗಲಕ್ಕೆ ಸರಿಮಾಡಬೇಕು.

ಈಗ ಪದರಗಳನ್ನು ಜೋಡಿಸುವ ಸರದಿ. ಹೊರಬಟ್ಟೆಯ ಒಂದು ತುಂಡನ್ನು ಸರಿ ಬದಿ ಮೇಲೆ ಬರುವಂತೆ ಇಟ್ಟು, ಅದರ ಮೇಲಂಚಿಗೆ ಜಿಪ್‌ನ್ನು ಮುಖ ಕೆಳಗಾಗಿ ಇಡಬೇಕು; ಅದರ ಮೇಲೆ ಲೈನಿಂಗ್‌ನ ತುಂಡನ್ನು ಸರಿ ಬದಿ ಕೆಳಗಾಗಿ ಇಡಬೇಕು. ಮೂರರ ಅಂಚೂ ಒಂದೇ ಸಾಲಿಗೆ ಬಂದಿರುವುದನ್ನು ಬೆರಳಿನಿಂದ ತಡವಿ ನೋಡಿ, ಕ್ಲಿಪ್ ಹಾಕಿ, ಜಿಪ್ ಫುಟ್ ಬಳಸಿ ಕಾಲು ಇಂಚಿನ ಮಾರ್ಜಿನ್‌ನಲ್ಲಿ ಹೊಲಿಯಬೇಕು. ಹೊಲಿಗೆ ರನ್ನರ್‌ನ ಬಳಿ ಬಂದಾಗ ಅದನ್ನು ಬಳಸಿಕೊಂಡು ಹೋಗಲು ಯತ್ನಿಸಿದರೆ ಹೊಲಿಗೆ ಅಲ್ಲಿ ಉಬ್ಬುತ್ತದೆ. ಅದರ ಬದಲು ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ ನಿಲ್ಲಿಸಿ, ಫುಟ್ ಎತ್ತಿ, ರನ್ನರನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಫುಟ್ ಇಳಿಸಿ ಮುಂದುವರಿಸಬೇಕು. ಎರಡೂ ಬಟ್ಟೆಗಳನ್ನು ಜಿಪ್‌ನಿಂದ ಆಚೆಗೆ ಮಡಚಿ, ಇಸ್ತ್ರಿ ಒತ್ತಿ, ಮಡಿಕೆಯಿಂದ ಇಂಚಿನ ಎಂಟನೇ ಒಂದು ಭಾಗದ ದೂರದಲ್ಲಿ ಮೇಲ್ಹೊಲಿಗೆ ಹಾಕಬೇಕು. ಈ ಮೇಲ್ಹೊಲಿಗೆಯನ್ನು ಅಲಂಕಾರವೆಂದು ಭಾವಿಸಿ ಬಿಡುವವರಿದ್ದಾರೆ. ಅದಿಲ್ಲದಿದ್ದರೆ ಲೈನಿಂಗ್ ಸಡಿಲವಾಗಿ ಜಿಪ್‌ನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ಬದಿಗೂ ಇದೇ ರೀತಿ.

ಮುಂದಿನ ಹೆಜ್ಜೆಗೆ ಮುಂಚೆ ಜಿಪ್‌ನ್ನು ಅರ್ಧಕ್ಕಿಂತ ಹೆಚ್ಚು ತೆರೆದಿಡಬೇಕು. ಮುಚ್ಚಿದ ಜಿಪ್‌ನೊಂದಿಗೆ ಸುತ್ತಲೂ ಹೊಲಿದರೆ ಪೌಚನ್ನು ಸರಿ ಬದಿಗೆ ತಿರುಗಿಸಲು ಬಾಯಿಯೇ ಇರುವುದಿಲ್ಲ. ಹೊರಬಟ್ಟೆಯ ಎರಡು ತುಂಡುಗಳ ಸರಿ ಬದಿಗಳು ಒಂದನ್ನೊಂದು ನೋಡುವಂತೆಯೂ, ಲೈನಿಂಗ್‌ನ ಎರಡು ತುಂಡುಗಳೂ ಹಾಗೆಯೇ ಇರುವಂತೆಯೂ ಹರಡಿ, ನಡುವೆ ಬರುವ ಜಿಪ್‌ನ ಹಲ್ಲುಗಳನ್ನು ಎರಡೂ ತುದಿಯಲ್ಲಿ ಲೈನಿಂಗ್‌ನ ಕಡೆಗೆ ಬಾಗಿಸಿ ಕ್ಲಿಪ್ ಹಾಕಬೇಕು. ಸುತ್ತಲೂ ಇಂಚಿನ ಎಂಟರಲ್ಲಿ ಮೂರು ಭಾಗದ ಮಾರ್ಜಿನ್‌ನಲ್ಲಿ ಹೊಲಿಯುತ್ತ ಬಂದು, ಲೈನಿಂಗ್‌ನ ತಳದಲ್ಲಿ ನಾಲ್ಕು ಇಂಚನ್ನು ಹೊಲಿಯದೆ ಬಿಡಬೇಕು. ಲೈನಿಂಗ್‌ನ ಬದಿಗಳಿಗೆ ಬಂದಾಗ ಮಾರ್ಜಿನ್‌ನ್ನು ಅರ್ಧ ಇಂಚಿಗೆ ಹೆಚ್ಚಿಸುವುದು ನಾನು ಎಂದೂ ಬಿಡದ ಕ್ರಮ: ಲೈನಿಂಗ್ ಒಂದು ಕೂದಲೆಳೆಯಷ್ಟು ಚಿಕ್ಕದಾಗಿ ಒಳಗೆ ಸುಕ್ಕಿಲ್ಲದೆ ಕೂರುತ್ತದೆ. ಬಿಟ್ಟ ಜಾಗದ ಎರಡೂ ಕೊನೆಯಲ್ಲಿ ಹಿಂದೆ ಮುಂದೆ ಹೊಲಿದು ಭದ್ರಪಡಿಸಬೇಕು, ಏಕೆಂದರೆ ತಿರುಗಿಸುವಾಗ ಎಳೆತವೆಲ್ಲ ಅಲ್ಲೇ ಬೀಳುತ್ತದೆ. ತಳದ ಮೂಲೆಗಳನ್ನು ಹೊಲಿಗೆಗೆ ತಾಗದಂತೆ ಓರೆಯಾಗಿ ಕತ್ತರಿಸಿ, ಪೌಚನ್ನು ಆ ಸಂದಿಯ ಮೂಲಕ ತಿರುಗಿಸಿ, ಮೂಲೆಗಳನ್ನು ಮೊಂಡು ಕಡ್ಡಿಯಿಂದ ಮೆಲ್ಲಗೆ ನೂಕಿ, ಸಂದಿಯನ್ನು ಹೊಲಿದು ಮುಚ್ಚಿದರೆ ಸುಮಾರು ಎಂಟೂಕಾಲು ಇಂಚು ಅಗಲ, 6 ಇಂಚು ಎತ್ತರದ ಪೌಚು ಸಿದ್ಧ. ಕತ್ತರಿಯ ತುದಿಯಿಂದ ಮೂಲೆ ನೂಕಬಾರದು. ಅದು ಬಟ್ಟೆಯನ್ನು ತೂತು ಮಾಡುತ್ತದೆ.

ಪೌಚು ತಾನಾಗಿ ನಿಲ್ಲಬೇಕೆಂದಿದ್ದರೆ ಸರಿ ಬದಿಗೆ ತಿರುಗಿಸುವ ಮುಂಚೆಯೇ ತಳದ ಮೂಲೆಗಳನ್ನು ಚೌಕ ಮಾಡಬೇಕು. ಬದಿಯ ಹೊಲಿಗೆ ತಳದ ಹೊಲಿಗೆಯ ಮೇಲೆ ಸರಿಯಾಗಿ ಕೂರುವಂತೆ ಮೂಲೆಯನ್ನು ಹಿಡಿದು ಚಪ್ಪಟೆ ಮಾಡಿದರೆ ಅದು ತ್ರಿಕೋನವಾಗುತ್ತದೆ. ಹೊಲಿಗೆಗಳು ಸೇರುವ ತುದಿಯಿಂದ 1 ಇಂಚು ಒಳಗೆ, ಹೊಲಿಗೆಗೆ ಲಂಬವಾಗಿ ಗೆರೆ ಎಳೆದರೆ ಆ ಗೆರೆಯ ಉದ್ದ 2 ಇಂಚು ಇರುತ್ತದೆ. ಪೌಚಿನ ತಳದ ಅಗಲವೂ ಅಷ್ಟೇ. ಗೆರೆಯ ಮೇಲೆ ಎರಡು ಸಲ ಹೊಲಿದು, ಆಚೆಯ ತ್ರಿಕೋನವನ್ನು ಕಾಲು ಇಂಚು ಬಿಟ್ಟು ಕತ್ತರಿಸಬೇಕು. ಲೈನಿಂಗ್‌ನ ಮೂಲೆಗಳಿಗೂ ಇದೇ ಅಳತೆ.

ಪುಟ್ಟ ಕ್ವಿಲ್ಟು: ಒಂದು ಟೇಬಲ್ ಮ್ಯಾಟು

ಕೌದಿಯಂತೆ ಮೂರು ಪದರಗಳನ್ನು ಒಂದುಗೂಡಿಸಿ ಹೊಲಿಯುವುದೇ ಕ್ವಿಲ್ಟಿಂಗ್: ಮೇಲೆ ಜೋಡಿಸಿದ ಬಟ್ಟೆ, ನಡುವೆ ಬ್ಯಾಟಿಂಗ್, ಕೆಳಗೆ ಹಿಂಬದಿಯ ಬಟ್ಟೆ. ಮಂಚದಳತೆಯ ಹೊದಿಕೆಗೆ ಕೈಹಾಕುವ ಮುಂಚೆ 12 ಇಂಚು ಅಗಲ, 18 ಇಂಚು ಉದ್ದದ ಒಂದು ಮ್ಯಾಟನ್ನು ಮುಗಿಸುವುದು ಒಳ್ಳೆಯ ಅಭ್ಯಾಸ. ಅದರಲ್ಲಿ ಕಲಿಯಬೇಕಾದದ್ದೆಲ್ಲ ಇದೆ, ಯಂತ್ರದ ಕೆಳಗೆ ಬಟ್ಟೆಯ ಹೊರೆಯನ್ನು ನೂಕುವ ಕಷ್ಟ ಮಾತ್ರ ಇಲ್ಲ.

ಮೂರೂವರೆ ಇಂಚಿನ 24 ಚೌಕಗಳನ್ನು ಕತ್ತರಿಸಿ, ನೆಲದ ಮೇಲೆ ನಾಲ್ಕು ಸಾಲು, ಸಾಲಿಗೆ ಆರರಂತೆ ಹರಡಿ, ಬಣ್ಣಗಳನ್ನು ಮನಸ್ಸಿಗೆ ಒಪ್ಪುವ ತನಕ ಅದಲುಬದಲು ಮಾಡಬೇಕು. ದೂರ ನಿಂತು ಕಣ್ಣನ್ನು ಅರೆ ಮುಚ್ಚಿ ನೋಡಿದರೆ ಯಾವ ಕಡೆ ಗಾಢ ಬಣ್ಣಗಳು ಗುಂಪುಗೂಡಿವೆ ಎಂಬುದು ತಟ್ಟನೆ ಕಾಣುತ್ತದೆ. ಚೌಕಗಳನ್ನು ಕಾಲು ಇಂಚಿನ ಮಾರ್ಜಿನ್‌ನಲ್ಲಿ ಜೋಡಿಸಿದಾಗ ಪ್ರತಿಯೊಂದೂ 3 ಇಂಚಿಗೆ ಇಳಿಯುತ್ತದೆ. ಈ ಕಾಲು ಇಂಚಿನ ವಿಷಯದಲ್ಲಿ ಸಡಿಲ ಬಿಡಬಾರದು ಎನ್ನುವುದಕ್ಕೆ ಲೆಕ್ಕವೇ ಸಾಕ್ಷಿ. ಮಾರ್ಜಿನ್ ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಾದರೆ, ಒಂದು ಜೋಡಣೆಯಲ್ಲಿ ಎರಡೂ ಬಟ್ಟೆಯಿಂದ ಸೇರಿ ಎಂಟನೇ ಒಂದು ಭಾಗ ಕಳೆದುಹೋಗುತ್ತದೆ. ಆರು ಚೌಕಗಳ ಸಾಲಿನಲ್ಲಿ ಐದು ಜೋಡಣೆಗಳಿರುವುದರಿಂದ ಸಾಲು ಅರ್ಧ ಇಂಚಿಗಿಂತಲೂ ಹೆಚ್ಚು ಚಿಕ್ಕದಾಗುತ್ತದೆ. ಯಂತ್ರದ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚು ದೂರದಲ್ಲಿ ಟೇಪಿನ ಚೂರೊಂದನ್ನು ಅಂಟಿಸಿ ಅದಕ್ಕೆ ಬಟ್ಟೆಯ ಅಂಚನ್ನು ತಾಗಿಸಿಕೊಂಡು ಹೊಲಿದರೆ ಈ ತೊಂದರೆಯೇ ಇರುವುದಿಲ್ಲ.

ಸಾಲುಗಳು ಸಿದ್ಧವಾದ ಮೇಲೆ ಮೊದಲ ಸಾಲಿನ ಹೊಲಿಗೆಯ ಅಂಚುಗಳನ್ನೆಲ್ಲ ಬಲಕ್ಕೆ, ಎರಡನೆಯ ಸಾಲಿನದನ್ನು ಎಡಕ್ಕೆ, ಹೀಗೆ ಒಂದು ಬಿಟ್ಟು ಒಂದರಂತೆ ಮಲಗಿಸಿ ಇಸ್ತ್ರಿ ಮಾಡಬೇಕು. ಎರಡು ಸಾಲುಗಳನ್ನು ಎದುರುಬದುರಾಗಿ ಇಟ್ಟಾಗ ಎದುರು ದಿಕ್ಕಿಗೆ ಮಲಗಿದ ಅಂಚುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಬೆರಳು ಆಡಿಸಿದರೆ ಅವು ಕೂಡಿದ ಜಾಗದಲ್ಲಿ ಉಬ್ಬು ಇರುವುದಿಲ್ಲ. ಅಲ್ಲಿ ಪಿನ್ನು ಹಾಕಿ ಹೊಲಿದರೆ ನಾಲ್ಕು ಚೌಕಗಳ ಮೂಲೆಗಳು ಒಂದೇ ಚುಕ್ಕೆಯಲ್ಲಿ ಸೇರುತ್ತವೆ. ಕ್ವಿಲ್ಟ್ ಹೊಲಿಗೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಕ್ಷಣ ಇದು.

ಬ್ಯಾಟಿಂಗ್ ಮತ್ತು ಹಿಂಬದಿಯ ಬಟ್ಟೆಯನ್ನು ಮೇಲ್ಬಟ್ಟೆಗಿಂತ ಸುತ್ತಲೂ 1 ಇಂಚು ದೊಡ್ಡದಾಗಿ ಕತ್ತರಿಸಬೇಕು, ಏಕೆಂದರೆ ಹೊಲಿಯುತ್ತ ಹೋದಂತೆ ಪದರಗಳು ಕುಗ್ಗಿ ಜರುಗುತ್ತವೆ. ಬಿಸಿ ಪಾತ್ರೆ ಇಡುವ ಮ್ಯಾಟಾದರೆ ಪೂರ್ತಿ ಹತ್ತಿಯ ಬ್ಯಾಟಿಂಗ್‌ನ್ನೇ ಎರಡು ಪದರ ಹಾಕಬೇಕು. ಪಾಲಿಯೆಸ್ಟರ್ ಹೆಚ್ಚು ಬಿಸಿಗೆ ಕರಗುತ್ತದೆ, ಇಲ್ಲಿ ಅದು ಸಲ್ಲದು. ಹಿಂಬದಿಯ ಬಟ್ಟೆಯನ್ನು ಉಲ್ಟಾ ಬದಿ ಮೇಲಾಗಿ ಮೇಜಿನ ಮೇಲೆ ಬಿಗಿಯಾಗಿ, ಆದರೆ ಜಗ್ಗದೆ ಅಂಟುಟೇಪಿನಿಂದ ಹಿಡಿದಿಟ್ಟು, ಮೇಲೆ ಬ್ಯಾಟಿಂಗ್, ಅದರ ಮೇಲೆ ಜೋಡಿಸಿದ ಬಟ್ಟೆಯನ್ನು ಹರಡಿ, ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ, ಒಂದು ಅಂಗೈ ಅಗಲಕ್ಕೊಂದರಂತೆ ಸೇಫ್ಟಿ ಪಿನ್ನು ಹಾಕಬೇಕು. ಪಿನ್ನಿಲ್ಲದಿದ್ದರೆ ಉದ್ದುದ್ದ ಕಚ್ಚಾ ಹೊಲಿಗೆಯೂ ಆಗುತ್ತದೆ.

ಕ್ವಿಲ್ಟಿಂಗ್ ಹೊಲಿಗೆಯನ್ನು ಯಾವಾಗಲೂ ನಡುವಿನಿಂದ ಆರಂಭಿಸಿ ಹೊರಕ್ಕೆ ಸಾಗಬೇಕು. ಅಂಚಿನಿಂದ ಒಳಕ್ಕೆ ಬಂದರೆ ಹೆಚ್ಚುವರಿ ಬಟ್ಟೆಯೆಲ್ಲ ನಡುವೆ ಗುಡ್ಡೆಯಾಗಿ ಅಲ್ಲಿ ಮಡಿಕೆ ಬೀಳುತ್ತದೆ. ಸಾಮಾನ್ಯ ಫುಟ್ ಮೇಲಿನ ಪದರವನ್ನು ತಡೆದು ಹಿಡಿದರೆ, ಕೆಳಗಿನ ಹಲ್ಲುಗಳು ಹಿಂಬದಿಯ ಪದರವನ್ನು ಮಾತ್ರ ಮುಂದಕ್ಕೆ ನೂಕುತ್ತವೆ. ಪದರಗಳು ಜರುಗುವುದಕ್ಕೆ ಇದೇ ಕಾರಣ. ಮೇಲಿನ ಪದರವನ್ನೂ ಜೊತೆಗೇ ಸಾಗಿಸುವ ವಾಕಿಂಗ್ ಫುಟ್ ಸಿಕ್ಕರೆ ಬಳಸಬೇಕು. ಇಲ್ಲದವರು ಫುಟ್‌ನ ಒತ್ತಡವನ್ನು ತುಸು ಕಡಿಮೆ ಮಾಡಿ, ಮೆಲ್ಲಗೆ, ನೇರ ಗೆರೆಗಳನ್ನಷ್ಟೇ ಹೊಲಿಯಬಹುದು. ಜೋಡಣೆಯ ಗೆರೆಯಿಂದ ಎರಡೂ ಕಡೆ ಕಾಲು ಇಂಚು ದೂರದಲ್ಲಿ ಸಾಗುವ ಸಾಲುಗಳು ಸರಳವಾಗಿಯೂ ಸುಂದರವಾಗಿಯೂ ಇರುತ್ತವೆ.

ಕೈಯಿಂದ ಕ್ವಿಲ್ಟ್ ಮಾಡುವವರು ಗಿಡ್ಡ ಸೂಜಿಯನ್ನೂ 18 ಇಂಚು ಮೀರದ ದಾರವನ್ನೂ ಬಳಸಬೇಕು. ಉದ್ದ ದಾರ ಸಿಕ್ಕಾಗುತ್ತದೆ, ಬಟ್ಟೆಯಲ್ಲಿ ಹಾದು ಹಾದು ಸವೆಯುತ್ತದೆ. ದಾರದ ತುದಿಗೆ ಸಣ್ಣ ಗಂಟು ಹಾಕಿ, ಹೊಲಿಗೆ ಆರಂಭವಾಗುವ ಜಾಗದಿಂದ ಒಂದಿಂಚು ಆಚೆ ಮೇಲ್ಬಟ್ಟೆಗೆ ಮಾತ್ರ ಸೂಜಿ ಚುಚ್ಚಿ, ಬ್ಯಾಟಿಂಗ್‌ನಲ್ಲಿ ಹಾಯಿಸಿ ಬೇಕಾದ ಜಾಗದಲ್ಲಿ ಮೇಲೆ ತಂದು ಚುರುಕಾಗಿ ಒಮ್ಮೆ ಜಗ್ಗಿದರೆ, ಗಂಟು ಪುಟ್ಟ ಸದ್ದಿನೊಂದಿಗೆ ಬಟ್ಟೆಯೊಳಕ್ಕೆ ಇಳಿದು ಬ್ಯಾಟಿಂಗ್‌ನಲ್ಲಿ ಕೂತುಬಿಡುತ್ತದೆ. ಮೇಲೆಯೂ ಕೆಳಗೆಯೂ ಗಂಟಿನ ಕುರುಹು ಕಾಣುವುದಿಲ್ಲ. ಹೊಲಿಗೆಗಳು ಬಹಳ ಚಿಕ್ಕದಾಗಿರಬೇಕೆಂಬ ಆತಂಕ ಬೇಡ. ಒಂದೇ ಸಮನಾಗಿರುವುದು ಹೆಚ್ಚು ಮುಖ್ಯ.

ಕ್ವಿಲ್ಟಿಂಗ್ ಮುಗಿದ ಮೇಲೆಯೇ ನಾಲ್ಕೂ ಅಂಚನ್ನು ಅಳೆದು ನೇರವಾಗಿ ಕತ್ತರಿಸಬೇಕು. ಪೌಚಿಗೆ ಕ್ವಿಲ್ಟ್ ಮಾಡಿದ ಹೊರಬಟ್ಟೆ ಬೇಕೆಂದಿದ್ದರೂ ಇದೇ ಕ್ರಮ: ದೊಡ್ಡ ತುಂಡನ್ನು ಕ್ವಿಲ್ಟ್ ಮಾಡಿ, ಅನಂತರ ಅದರಿಂದ ಪೌಚಿನ ಅಳತೆಯನ್ನು ಕತ್ತರಿಸಿಕೊಳ್ಳುವುದು.

ಮ್ಯಾಟಿನ ಅಂಚಿಗೆ ಅಂಚನ್ನು ಸುತ್ತಿ ಮುಚ್ಚುವ ಎರಡೂವರೆ ಇಂಚು ಅಗಲದ ಬೈಂಡಿಂಗ್ ಪಟ್ಟಿಗಳನ್ನು ನೇರ ಎಳೆಯಲ್ಲಿ ಕತ್ತರಿಸಿ, ಓರೆ ಜೋಡಣೆಯಿಂದ ಕೂಡಿಸಿ, ಸುಮಾರು 72 ಇಂಚು ಉದ್ದ ಮಾಡಿ, ಉದ್ದಕ್ಕೂ ಅರ್ಧಕ್ಕೆ ಮಡಿಸಿ ಇಸ್ತ್ರಿ ಒತ್ತಬೇಕು. ಮಡಿಸದ ಅಂಚನ್ನು ಮ್ಯಾಟಿನ ಮೇಲ್ಬದಿಯ ಅಂಚಿಗೆ ಹೊಂದಿಸಿ, ಆರಂಭದಲ್ಲಿ ಐದಾರು ಇಂಚು ಬಿಟ್ಟು, ಕಾಲು ಇಂಚಿನ ಮಾರ್ಜಿನ್‌ನಲ್ಲಿ ಹೊಲಿಯುತ್ತ ಬರಬೇಕು. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ, ಹಿಂದೆ ಮುಂದೆ ಹೊಲಿದು, ಬಟ್ಟೆಯನ್ನು ಹೊರತೆಗೆದು, ಪಟ್ಟಿಯನ್ನು ನೇರ ಮೇಲಕ್ಕೆ ಮಡಚಿ, ಮತ್ತೆ ಕೆಳಕ್ಕೆ ತಂದು ಮುಂದಿನ ಅಂಚಿಗೆ ಹೊಂದಿಸಿ, ಮೂಲೆಯಿಂದಲೇ ಹೊಲಿಗೆ ಆರಂಭಿಸಬೇಕು. ಸುತ್ತು ಮುಗಿದ ಮೇಲೆ ಪಟ್ಟಿಯ ಎರಡು ತುದಿಗಳನ್ನು ಕೂಡಿಸಿ ಹೊಲಿದು, ಪಟ್ಟಿಯನ್ನು ಹಿಂಬದಿಗೆ ಹೊರಳಿಸಿದಾಗ ಮೂಲೆಯಲ್ಲಿ 45 ಡಿಗ್ರಿಯ ಚೊಕ್ಕ ಮಡಿಕೆ ತಾನಾಗಿ ಮೂಡುತ್ತದೆ. ಹಿಂಬದಿಯನ್ನು ಕೈಯಿಂದ ಹೆಮ್ಮಿಂಗ್ ಮಾಡಿ ಮುಗಿಸುವುದು ನಿಧಾನವಾದರೂ ಅಂದ.

ಹಿಡಿಕೆಯ ಚೀಲ: ಅಳತೆಯ ಲೆಕ್ಕ ಮತ್ತು ಕೆಲಸದ ಕ್ರಮ

ಬೇಕಾದ ಚೀಲದ ಅಳತೆಯಿಂದ ಬಟ್ಟೆಯ ಅಳತೆಯನ್ನು ಲೆಕ್ಕ ಹಾಕಲು ತಿಳಿದರೆ ಯಾರ ಮಾದರಿಯನ್ನೂ ಕಾಯಬೇಕಾಗಿಲ್ಲ. ಅಗಲಕ್ಕೆ ತಳದ ಅಗಲವನ್ನು ಪೂರ್ತಿಯಾಗಿ ಕೂಡಿಸಬೇಕು, ಎತ್ತರಕ್ಕೆ ತಳದ ಅಗಲದ ಅರ್ಧವನ್ನು ಕೂಡಿಸಬೇಕು, ಎರಡಕ್ಕೂ ಎರಡೆರಡು ಮಾರ್ಜಿನ್ ಸೇರಿಸಬೇಕು. ಅರ್ಧ ಇಂಚಿನ ಮಾರ್ಜಿನ್‌ನಲ್ಲಿ 12 ಇಂಚು ಅಗಲ, 13 ಇಂಚು ಎತ್ತರ, 4 ಇಂಚು ತಳವಿರುವ ಚೀಲ ಬೇಕೆಂದರೆ, ಪ್ರತಿ ತುಂಡಿನ ಅಗಲ 12, 4 ಮತ್ತು 1 ಸೇರಿ 17 ಇಂಚು. ಎತ್ತರ 13, 2 ಮತ್ತು 1 ಸೇರಿ 16 ಇಂಚು. ಹೊರಬಟ್ಟೆಯಲ್ಲಿ ಎರಡು, ಲೈನಿಂಗ್‌ನಲ್ಲಿ ಎರಡು. ಹಿಡಿಕೆಗೆ 4 ಇಂಚು ಅಗಲ, 25 ಇಂಚು ಉದ್ದದ ಎರಡು ಪಟ್ಟಿಗಳು. ಪಟ್ಟಿಯ ಎರಡೂ ಅಂಚನ್ನು ನಡುಗೆರೆಗೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ ನಾಲ್ಕು ಪದರದ ಒಂದಿಂಚಿನ ಹಿಡಿಕೆಯಾಗುತ್ತದೆ. ಎರಡೂ ಪಕ್ಕದಲ್ಲಿ ಉದ್ದಕ್ಕೂ ಮೇಲ್ಹೊಲಿಗೆ ಹಾಕಬೇಕು.

ಈಗ ಮೊದಲು ಹೇಳಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕಾದ ಹೊತ್ತು. ಪೇಸ್ಟಿಂಗ್ ಅಂಟಿಸುವುದು, ಕ್ವಿಲ್ಟಿಂಗ್ ಇದ್ದರೆ ಅದು, ಹೊರಜೇಬು, ಲೈನಿಂಗ್‌ನ ಒಳಜೇಬು, ಅಯಸ್ಕಾಂತದ ಗುಂಡಿ, ಇವೆಲ್ಲವೂ ತುಂಡುಗಳು ಬಿಡಿಬಿಡಿಯಾಗಿರುವಾಗಲೇ ಮುಗಿಯಬೇಕು. ಅಯಸ್ಕಾಂತದ ಗುಂಡಿಯ ಹಿಂದೆ ಬಟ್ಟೆಯ ಉಲ್ಟಾ ಬದಿಗೆ ಎರಡಿಂಚಿನ ಬಕ್ರಮ್ ಚೂರೊಂದನ್ನು ಇಡದಿದ್ದರೆ ಪ್ರತಿ ಸಲ ಎಳೆದು ತೆರೆಯುವಾಗ ಲೈನಿಂಗ್ ಹರಿಯುತ್ತ ಬರುತ್ತದೆ. ಆ ಮೇಲೆ ಹೊರಬಟ್ಟೆಯ ತುಂಡುಗಳನ್ನು ಬದಿ ಮತ್ತು ತಳದಲ್ಲಿ ಹೊಲಿದು, ತಳದ ಮೂಲೆಗಳಲ್ಲಿ ತುದಿಯಿಂದ 2 ಇಂಚಿಗೆ ಗೆರೆ ಎಳೆದು ಚೌಕ ಮಾಡಬೇಕು. ಲೈನಿಂಗ್‌ನ್ನೂ ಹಾಗೆಯೇ ಹೊಲಿದು, ತಳದಲ್ಲಿ ಆರು ಇಂಚು ಸಂದಿ ಬಿಡಬೇಕು.

ಹೊರಚೀಲವನ್ನು ಸರಿ ಬದಿಗೆ ತಿರುಗಿಸಿ, ಪ್ರತಿ ಹಿಡಿಕೆಯ ಎರಡು ತುದಿಗಳನ್ನು ಅದದೇ ಮುಖದ ಮೇಲಂಚಿಗೆ, ನಡುವಿನಿಂದ ಎರಡೂ ಕಡೆ ಮೂರು ಮೂರು ಇಂಚು ದೂರದಲ್ಲಿ, ಹಿಡಿಕೆ ಕೆಳಗೆ ಜೋತಾಡುವಂತೆ ಇಟ್ಟು ಕಚ್ಚಾ ಹೊಲಿಗೆ ಹಾಕಬೇಕು. ತುದಿಗಳು ಅಂಚಿನಿಂದ ಅರ್ಧ ಇಂಚು ಮೇಲೆ ಚಾಚಿರಲಿ. ಹಿಡಿಕೆ ನಡುವೆ ತಿರುಚಿಕೊಂಡಿಲ್ಲವೆಂಬುದನ್ನು ಇಲ್ಲೇ ನೋಡಿಕೊಳ್ಳಬೇಕು. ಈ ಚೀಲವನ್ನು ಉಲ್ಟಾ ಇರುವ ಲೈನಿಂಗ್‌ನೊಳಗೆ ಇಳಿಸಿದರೆ ಎರಡರ ಸರಿ ಬದಿಗಳು ಎದುರಾಗುತ್ತವೆ, ಹಿಡಿಕೆಗಳು ನಡುವೆ ಅಡಗುತ್ತವೆ. ಬದಿಯ ಹೊಲಿಗೆಗಳನ್ನು ಒಂದಕ್ಕೊಂದು ಹೊಂದಿಸಿ ಬಾಯಿಯ ಸುತ್ತಲೂ ಹೊಲಿದು, ಹಿಡಿಕೆಗಳ ಮೇಲೆ ಮಾತ್ರ ಹಿಂದೆ ಮುಂದೆ ಎರಡು ಮೂರು ಸಲ ಹೋಗಬೇಕು. ಪದರಗಳು ಬಹಳವಾಗಿರುವ ಕಡೆ ಕಾಲಿನ ಒತ್ತು ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕುವುದು ಸೂಜಿಗೂ ಯಂತ್ರಕ್ಕೂ ಕ್ಷೇಮ. ದಪ್ಪ ಜಾಗವನ್ನು ಏರುವ ಮುಂಚೆ ಫುಟ್‌ನ ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ಮಡಿಸಿದ ಬಟ್ಟೆಯನ್ನಿಟ್ಟರೆ ಫುಟ್ ಸಮತಟ್ಟಾಗಿ ನಿಂತು ಹೊಲಿಗೆ ತಪ್ಪುವುದಿಲ್ಲ.

ಲೈನಿಂಗ್‌ನ ಸಂದಿಯ ಮೂಲಕ ಇಡೀ ಚೀಲವನ್ನು ಹೊರಗೆ ಎಳೆದು, ಹಿಡಿಕೆಗಳನ್ನು ಮೇಲಕ್ಕೆತ್ತಿ, ಬಾಯಿಯನ್ನು ಇಸ್ತ್ರಿ ಒತ್ತಿ, ಅಂಚಿನಿಂದ ಕಾಲು ಇಂಚು ದೂರದಲ್ಲಿ ಸುತ್ತಲೂ ಮೇಲ್ಹೊಲಿಗೆ ಹಾಕಬೇಕು. ಅದೂ ಆದ ಮೇಲೆ, ಒಳಗೆ ಕೈಯಾಡಿಸಿ ಬಿಟ್ಟುಹೋದ ಪಿನ್ನುಗಳಿಲ್ಲವೆಂದು ನೋಡಿ, ಮೂಲೆಗಳನ್ನೂ ಹಿಡಿಕೆಯ ಬುಡವನ್ನೂ ಜಗ್ಗಿ ಪರೀಕ್ಷಿಸಿ, ಎಲ್ಲವೂ ಸರಿಯಿದೆಯೆಂದು ಖಚಿತವಾದ ಬಳಿಕವೇ ಲೈನಿಂಗ್‌ನ ಸಂದಿಯನ್ನು ಹೊಲಿದು ಮುಚ್ಚಬೇಕು. ಆ ಸಂದಿ ತೆರೆದಿರುವ ತನಕ ಒಳಗಿನ ಯಾವ ಹೊಲಿಗೆಯನ್ನಾದರೂ ಸರಿಪಡಿಸಬಹುದು.